ಬಿಚ್ಚಿ ಕೊಟ್ಟ ಗುಳಿಗೆ

ಕೊಟ್ಟೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಚಿರಂಜೀವಿ ಪುಷ್ಪಲತಾಳಿಗೆ,

ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಕ್ಷಮೆ ಕೇಳಬೇಕಾಗಿದೆ. ಈ ತಿಂಗಳ ಎರಡನೆಯ ತಾರೀಖಿನಂದು ನಾನು ನಿನಗೆ ಬರೆದ ಪತ್ರದಲ್ಲಿ ಒಂದು ಸುಳ್ಳು ಸೇರಿಕೊಂಡಿದೆ. “ಗವಿಸಿದ್ದೇಶನು ನಿಮ್ಮ ಪ್ರಯೋಗದ ಔಷಧವನ್ನು ಮೊದಲ ದಿನದಿಂದಲೂ, ನೀವು ಹೇಳಿದ ಪ್ರಕಾರವೇ, ಒಂದು ಹೊತ್ತೂ ತಪ್ಪಿಸದೆ ತೆಗೆದುಕೊಂಡಿದ್ದಾನೆ, ಅದಕ್ಕೆ ನಾನು ಹೊಣೆ” ಎಂದು ಬರೆದಿದ್ದೆ. ಹೊತ್ತು ತಪ್ಪಿಸಿಲ್ಲವೆಂಬುದು ನಿಜ. ನೀವು ಹೇಳಿದ ಪ್ರಕಾರ ಎಂಬುದು ನಿಜವಲ್ಲ. ಕಣ್ಣಾರೆ ಕಾಣದ ಸಂಗತಿಗೆ ಹೊಣೆ ಹೊತ್ತದ್ದು ನನ್ನ ತಪ್ಪು. ಆ ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇನೆ.

ಕ್ಷಮೆ ಇಲ್ಲಿಗೆ ಮುಗಿಯಿತು. ಇನ್ನು ಮುಂದಿರುವುದು ಸಿಟ್ಟು. ಕುಳಿತು ಓದು.

ನನ್ನ ಆ ಮಾತನ್ನು ನಂಬಿ ನೀನು ಐದನೆಯ ತಾರೀಖಿನಂದು ಬರೆದ ಉತ್ತರ ಈಗ ನನ್ನೆದುರಿಗಿದೆ. ದೊಡ್ಡ ಕರುಳಿನ ಹುಣ್ಣುಗಳು ಮಾಯುವ ಬದಲು ಹರಡಿವೆ. ಕ್ರಮ ತಪ್ಪದೆ ಸೇವಿಸಿಯೂ ಔಷಧ ಫಲಿಸಿಲ್ಲವಾದ್ದರಿಂದ ನಿಯಮದಂತೆ ಇದೇ ಇಪ್ಪತ್ತೆರಡರಂದು ರೋಗಿಯನ್ನು ಪ್ರಯೋಗದಿಂದ ಕೈಬಿಡಲಾಗುವುದು. ಅನಂತರ ಶಸ್ತ್ರವೈದ್ಯರು ನೋಡುತ್ತಾರೆ. ಬಹುಶಃ ದೊಡ್ಡ ಕರುಳನ್ನೇ ತೆಗೆದು, ಮಲವು ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಬಂದು ಸೇರುವಂತೆ ಮಾಡಬೇಕಾದೀತು. ಇಷ್ಟನ್ನೂ ನೀನು ಒಂದೇ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದೀಯೆ. ಆ ಪುಟದಲ್ಲಿ ಅವನ ಹೆಸರು ಒಂದು ಕಡೆಯೂ ಇಲ್ಲ. ‘ರೋಗಿ’ ಎಂದಿದೆ. ನೀನು ಅವನನ್ನು ‘ಸಿದ್ದಾ’ ಎಂದು ಕೂಗಿದರೆ ಓಣಿಯ ಆ ಕೊನೆಗೆ ಕೇಳಿಸುತ್ತಿತ್ತು.

ಇದನ್ನೆಲ್ಲ ದೂರವಾಣಿಯಲ್ಲಿ ಹೇಳಬಾರದೇಕೆ ಎಂದು ನೀನು ಕೇಳಬಹುದು. ಈ ವಾರ ನಾಲ್ಕಾರು ಸಲ ಪ್ರಯತ್ನಿಸಿದೆ. ಪ್ರತಿಸಲವೂ, “ಮೀಟಿಂಗ್‌ನಾಗ ಅದೀನಿ ಅಮ್ಮಾ, ಆಮ್ಯಾಲೆ ಮಾಡ್ತೀನಿ” ಎಂಬ ಒಂದೇ ಉತ್ತರ. ಆಮೇಲೆ ಎಂಬುದು ಇನ್ನೂ ಬಂದಿಲ್ಲ. ಪತ್ರವನ್ನಾದರೆ ನಡುವೆ ತುಂಡರಿಸಲು ಬರುವುದಿಲ್ಲ.

ಅವನು ಯಾರೆಂಬುದನ್ನು ನಿನಗೆ ನೆನಪು ಮಾಡಿಕೊಡಬೇಕಾಗಿರುವುದೇ ನನಗೆ ಅವಮಾನ. ಆದರೂ ಮಾಡಿಕೊಡುತ್ತೇನೆ. ನನ್ನ ತಂಗಿಯ ಮಗ. ತಾಯಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ, ನಿನ್ನ ಪಕ್ಕದ ಹಾಸಿಗೆಯಲ್ಲಿ ಮಲಗಿ ಬೆಳೆದವನು. ನೀನು ವೈದ್ಯಕೀಯ ಓದಲು ಹೋದ ದಿನ ನಿನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ರೈಲಿಗೆ ಹತ್ತಿಸಿದವನು. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿಕೊಂಡು, ಕೊಟ್ಟೂರಿನಿಂದ ಹಡಗಲಿಗೆ ಹೋಗಿಬರುವ ಬಸ್ಸಿನಲ್ಲಿ ನಿರ್ವಾಹಕನಾಗಿದ್ದಾನೆ. ರಜೆಯ ದಿನ ಭಕ್ತರ ಮನೆಗಳಿಗೆ ಹೋಗಿ ಪೂಜೆ ಮಾಡಿಸುತ್ತಾನೆ. ಮಕ್ಕಳಿಗೆ ಲಿಂಗ ಕಟ್ಟುತ್ತಾನೆ. ಈ ಎರಡು ಕೆಲಸಗಳೇ ಅವನ ಜೀವನ, ಎರಡನ್ನೂ ಅವನ ಕರುಳು ಕಿತ್ತುಕೊಳ್ಳುತ್ತಿದೆ.

ಮಲದಲ್ಲಿ ರಕ್ತ ಬೀಳಲಾರಂಭಿಸಿದಾಗ ಅವನು ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿಯೆಂದು ತಾನೇ ತೀರ್ಮಾನಿಸಿ, ಕೂಡ್ಲಿಗಿಯ ಕಡೆಯ ಒಬ್ಬ ನಾಟಿವೈದ್ಯನಿಂದ ಬೇರಿನ ಪುಡಿ ತಂದು ಎರಡು ವರ್ಷ ತಿಂದ. ಅಷ್ಟರಲ್ಲಿ ಮೈ ಬತ್ತಿ, ಭುಜದ ಮೇಲಿನ ಚೀಲದ ಪಟ್ಟಿ ಜಾರತೊಡಗಿತು. ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ, ಯಾವ ಹೋಟೆಲಿನವನು ಬಾಗಿಲು ತೆರೆಯುತ್ತಾನೆ, ಯಾವ ಶಾಲೆಯ ಬೀಗ ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಸೀಟಿ ಊದಿದರೆ ಚಾಲಕ ಮಂಜಣ್ಣ ಬಸ್ಸು ನಿಲ್ಲಿಸುತ್ತಾನೆ. “ಸ್ವಾಮ್ಯಾರ, ನಿಮ್ಮ ಮಠ ಬಂತು, ಇಳೀರಿ. ಇಲ್ಲೇ ಅದೀವಿ ಭಕ್ತರು” ಎನ್ನುತ್ತಾನೆ. ಬಸ್ಸೆಲ್ಲ ನಗುತ್ತದೆ, ಇವನೂ ನಗುತ್ತ ಓಡುತ್ತಾನೆ. ಒಮ್ಮೆ ನಾನೇ ಆ ಬಸ್ಸಿನಲ್ಲಿದ್ದೆ. ಮುಂದಿನ ಸಾಲಿನ ಹೆಂಗಸೊಬ್ಬಳು, “ಇವ್ನೇನು ಟಿಕೀಟ್ ಕೊಡಾಕ ಬಂದಾನೋ, ಚರಿಗಿ ಹಿಡಕಂಡು ತಿರಗಾಕ ಬಂದಾನೋ?” ಎಂದು ಗಟ್ಟಿಯಾಗಿ ಅಂದಳು. ಮಂಜಣ್ಣ ತಿರುಗಿ, “ಯವ್ವಾ, ನೀ ತಗಂಡಿದ್ದು ಬೊಮ್ಮನಳ್ಳಿ ಟಿಕೀಟು. ಬಾಯಿ ಯಾಕ ಹಡಗಲಿ ತನಕ ಓಡಸ್ತೀ?” ಎಂದ. ಅವಳು ಸೆರಗೆಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಆ ಚಾಲಕನಿಗೆ ಇರುವ ಕಕ್ಕುಲಾತಿ ನಿಮ್ಮ ಆಸ್ಪತ್ರೆಯಲ್ಲಿ ಯಾರಿಗಾದರೂ ಇದೆಯೇ ಎಂದು ನಾನು ಅಂದಿನಿಂದ ಕೇಳಿಕೊಳ್ಳುತ್ತಲೇ ಇದ್ದೇನೆ.

ಅವನ ರೋಗಕ್ಕೆ ಸರಿಯಾದ ಹೆಸರಿಟ್ಟವಳು ನೀನೇ ಎಂಬುದನ್ನು ಮರೆತಿಲ್ಲ. ಕರುಳಿನ ಒಳಮೈ ತಾನಾಗಿ ಉರಿದು ಹುಣ್ಣಾಗುವ ರೋಗ. ಮೈಯ ಕಾವಲು ಪಡೆಯೇ ಮೈಯನ್ನು ಕಚ್ಚುವುದು. ಇದಕ್ಕೆ ಹೊಸದೊಂದು ಔಷಧ ಬಂದಿದೆ, ನಮ್ಮಲ್ಲಿ ಪ್ರಯೋಗ ನಡೆಯುತ್ತಿದೆ, ಸೇರಿಕೊಳ್ಳಲಿ ಎಂದು ನೀನೇ ಕರೆದೆ. ಕೊಟ್ಟೂರು, ಹರಪನಹಳ್ಳಿ, ಹಡಗಲಿಯ ಕಡೆಯಿಂದ ಬಂದ ಅನೇಕರ ಜೊತೆ ಅವನೂ ಸೇರಿದ. ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಅಕ್ಕನೇ ವೈದ್ಯೆಯಾಗಿರುವಾಗ ಇನ್ನೇನು ಭಯ ಎಂದು ನಾವೆಲ್ಲ ನೆಮ್ಮದಿಯಿಂದಿದ್ದೆವು.

ಈಗ ಒಂಬತ್ತನೆಯ ತಾರೀಖಿನ ಬೆಳಗಿನ ಸಂಗತಿಯನ್ನು ಹೇಳುತ್ತೇನೆ. ನಿನ್ನ ಉತ್ತರ ಎಂಟರಂದು ನನ್ನ ಕೈ ಸೇರಿತು. ಇಂಥ ಸುದ್ದಿಯನ್ನು ಎದುರಿಗೆ ಕುಳಿತೇ ಹೇಳಬೇಕೆಂದು ಅಂದು ಸಂಜೆಯೇ ಹಗರಿಬೊಮ್ಮನಹಳ್ಳಿಗೆ ಹೋದೆ. ಊಟದ ಹೊತ್ತಿಗೆ ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ಅವನು ಪೂಜೆ ಮುಗಿಸಿ ಲಿಂಗವನ್ನು ವಸ್ತ್ರದಲ್ಲಿ ಸುತ್ತುತ್ತಿದ್ದ. ಅವನ ಹೆಂಡತಿ ಕೊಟ್ರಮ್ಮ ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಿದ್ದಳು. ನೀರು ಕುಡಿಯಲು ಒಳಗೆ ಹೋದ ನಾನು ಅವಳ ಕೈಯನ್ನು ನೋಡಿದೆ. ಎರಡು ಟೊಪ್ಪಿಗೆಗಳನ್ನು ಒಂದಕ್ಕೊಂದು ತೊಡಿಸಿದಂತಿರುವ ಆ ಗುಳಿಗೆಯನ್ನು ಬೆರಳುಗಳಲ್ಲಿ ಹಿಡಿದು, ತಿರುವಿ, ಬಿಚ್ಚಿ, ಒಳಗಿನ ಪುಡಿಯನ್ನು ಒಳಲೆಗೆ ಉದುರಿಸಿ, ಮೇಲೆ ಜೇನು ಬಿಟ್ಟು ಕಲಸುತ್ತಿದ್ದಳು. ಖಾಲಿ ಕವಚವನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಳು.

ಇದೇನು ಮಾಡುತ್ತಿರುವೆ ಎಂದು ಕೇಳಿದೆ.

“ಔಷ್ದ, ದೊಡ್ಡವ್ವ. ಪೂಜಿ ಮುಗದೈತಿ, ಬರೇ ಹೊಟ್ಟೀಲೆ ಕೊಡಬೇಕು.”

ದಿನವೂ ಹೀಗೆಯೇ ಕೊಡುತ್ತೀಯಾ ಎಂದೆ.

“ಮತ್ತ ಹೆಂಗ ಕೊಡ್ಲಿ? ಮ್ಯಾಲಿಂದು ದನದ ಎಲುಬಿಲೆ ಮಾಡ್ತಾರಂತ. ಅದನ್ನ ನುಂಗಿದ ಬಾಯೀಲೆ ಮಂತ್ರ ಹೇಳಾಕ ಬರತೈತೇನು? ಔಷ್ದ ಒಳಗ ಐತಿ, ಅದನ್ನ ಒಂದ್ ಕಣಾನೂ ಚೆಲ್ಲದಂಗ ಕೊಡ್ತೀನಿ. ಮ್ಯಾಲಿಂದು ಬರೇ ಹೊದಿಕಿ. ನಿಮ್ಮನ್ಯಾಗೂ ಹಿಂಗ ಕೊಡ್ತಿದ್ರಂತಲ್ಲ, ಇವ್ರೇ ಹೇಳ್ಯಾರ.”

ಪುಷ್ಪಾ, ಅವಳು ಹೇಳಿದ್ದು ಸತ್ಯ. ನಿನ್ನ ತಂದೆ ವೀರಭದ್ರಯ್ಯನವರು ಇರುವ ತನಕ ನಮ್ಮ ಮನೆಯಲ್ಲಿ ಕವಚದ ಗುಳಿಗೆಯೊಂದೂ ಇಡಿಯಾಗಿ ಯಾರ ಗಂಟಲನ್ನೂ ಇಳಿಯಲಿಲ್ಲ. ನಮ್ಮ ಓಣಿಯ ಅಯ್ಯನವರ ಮನೆಗಳಲ್ಲೆಲ್ಲ ಇದೇ ನಡೆ. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿದ್ದಾಗ ನಿನಗೆ ವಿಷಮಶೀತಜ್ವರ ಬಂದು, ವೈದ್ಯರು ಕೊಟ್ಟ ಗುಳಿಗೆಗಳನ್ನು ಬಿಚ್ಚಿ ಜೇನಿನಲ್ಲಿ ಕಲಸಿ ಕೊಟ್ಟವಳು ನಾನು. ಕಹಿ ಕಹಿ ಎಂದು ಮುಖ ಕಿವಿಚಿಕೊಂಡು ನೆಕ್ಕಿದವಳು ನೀನು. ಅಂದಿನ ಗುಳಿಗೆಗಳಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ, ನಿನಗೆ ಗುಣವಾಯಿತು. ಆದ್ದರಿಂದ ಕೊಟ್ರಮ್ಮ ಮಾಡಿದ್ದರಲ್ಲಿ ನಾನು ಒಂದು ಎಳೆಯಷ್ಟೂ ತಪ್ಪು ಕಾಣಲಾರೆ.

ಆದರೆ ನಿನ್ನ ಪತ್ರ ನನ್ನ ಕೈಚೀಲದಲ್ಲಿತ್ತು. ಅದರ ಕೊನೆಯಲ್ಲಿ ನೀನು ಬರೆದಿದ್ದ ವಿವರಣೆ ನನ್ನ ಕಣ್ಣಿನ ಮುಂದೆ ಬಂತು. ಆ ಗುಳಿಗೆಯ ಕವಚಕ್ಕೆ ವಿಶೇಷವಾದ ಲೇಪವಿದೆ. ಅದು ಜಠರದ ಹುಳಿಗೆ ಕರಗುವುದಿಲ್ಲ. ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳನ್ನು ಮುಟ್ಟಿದ ಮೇಲೆಯೇ ಕರಗಿ, ಔಷಧವನ್ನು ಹುಣ್ಣಿರುವ ಜಾಗದಲ್ಲಿ ಬಿಡುತ್ತದೆ. ಇಷ್ಟು ಸೂಕ್ಷ್ಮವಾದ ಔಷಧವೂ ರೋಗಿಗೆ ಹತ್ತಲಿಲ್ಲ ಎಂದು ನೀನು ವಿಷಾದಪಟ್ಟಿದ್ದೆ. ಅಂದರೆ ಕೊಟ್ರಮ್ಮ ಹೊದಿಕೆಯೆಂದು ಎಸೆದದ್ದೇ ನಿಮ್ಮ ಸಂಶೋಧನೆಯ ಜೀವಾಳ. ಜೇನಿನಲ್ಲಿ ಕಲಸಿದ ಪುಡಿ ಹೊಟ್ಟೆಗೆ ಬಿದ್ದ ಕೂಡಲೇ ಹುಳಿಯಲ್ಲಿ ಹಾಳಾಗಿ ಹೋಗುತ್ತಿತ್ತು. ಹುಣ್ಣಿದ್ದಲ್ಲಿಗೆ ಒಂದು ದಿನವೂ ತಲುಪಲಿಲ್ಲ.

ನಾನು ಆ ಸಾಲುಗಳನ್ನು ಇಬ್ಬರಿಗೂ ಓದಿ ಹೇಳಿದೆ. ಕೊಟ್ರಮ್ಮ ಒಳಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಳು. “ಹಂಗಾರ ಇಷ್ಟು ದಿನ ನಾನು ಇವ್ರಿಗಿ ಬರೇ ಜೇನು ಕುಡಿಸೀನೇನು ದೊಡ್ಡವ್ವ?” ಎಂದಳು. ಗವಿಸಿದ್ದೇಶನೇ ಸಮಾಧಾನ ಮಾಡಿದ. “ನೀ ಯಾಕ ಅಳ್ತೀ ಬಿಡಲೇ. ಔಷ್ದಕ್ಕ ಹಡಗಲಿ ತನಕ ಟಿಕೀಟ್ ಇತ್ತು, ನಾವು ಕೊಟ್ಟೂರಾಗ ಇಳಿಸಿ ಬಿಟ್ವಿ, ಅಷ್ಟ” ಎಂದ. ಅವಳು ಅಳುತ್ತಲೇ ಅವನ ಮೊಣಕೈಗೆ ಒಂದು ಹೊಡೆದಳು.

ಹಾಗಾದರೆ ಇಂದಿನಿಂದ ಇಡಿಯಾಗಿ ನುಂಗು ಎಂದೆ. ಅವನ ಮುಖ ಗಂಭೀರವಾಯಿತು. “ದನದ್ದಂದ್ರ ನಾ ನುಂಗಂಗಿಲ್ಲ ದೊಡ್ಡವ್ವ. ಕರುಳು ಹೋದ್ರ ಹೋಗವಲ್ದ್ಯಾಕ. ನಾಳಿ ಕೂಸಿನ ಕೊರಳಿಗಿ ಲಿಂಗ ಕಟ್ಟೋವಾಗ ನನ್ನ ಕೈ ನಡುಗಬಾರ್ದು” ಎಂದ. ಅವನ ಜೊತೆ ವಾದಿಸುವ ಹಕ್ಕು ನನಗಿದೆ ಎಂದು ನನಗನ್ನಿಸಲಿಲ್ಲ. ನಾನೂ ಅದೇ ಮನೆಯವಳು.

ಔಷಧದ ಪೆಟ್ಟಿಗೆಯ ಮೇಲೆ ನಿಮ್ಮ ಔಷಧ ಭಂಡಾರದ ದೂರವಾಣಿ ಸಂಖ್ಯೆಯಿತ್ತು. ಆ ಸಂಖ್ಯೆಗೆ ಕರೆ ಮಾಡಿ, ಈ ಗುಳಿಗೆಯ ಕವಚವನ್ನು ಯಾವುದರಿಂದ ತಯಾರಿಸಿದ್ದಾರೆ ಎಂದು ಕೇಳಿದೆ. ಎತ್ತಿಕೊಂಡವರು ಯಾರೋ ತಿಳಿಯದು, ಸಭ್ಯರು. “ಅಯ್ಯೋ, ಅದು ಗಿಡದ ನಾರಿಂದ ಮಾಡಿರೋದ್ರಿ ಅಮ್ಮಾ. ಈ ಸ್ಟಡಿಗೆ ಎಲ್ಲಾ ವೆಜಿಟೇರಿಯನ್ ಕ್ಯಾಪ್ಸೂಲೇ ಬಂದಿರೋದು. ಯಾರೂ ಹೇಳ್ಲಿಲ್ವೇನ್ರಿ ನಿಮ್ಗೆ?” ಎಂದರು.

ಯಾರೂ ಹೇಳಲಿಲ್ಲ. ಒಂದು ಕಪ್ಪು ಚಹಾ ಆರುವುದರೊಳಗೆ ಸಿಕ್ಕ ಉತ್ತರವಿದು. ಇದಿಲ್ಲದೆ ಒಬ್ಬನ ಕರುಳು ಮಳೆಗಾಲವಿಡೀ ರಕ್ತ ಸುರಿಸಿತು. ಕವಚದಲ್ಲಿ ಪ್ರಾಣಿಯದೇನೂ ಇರಲಿಲ್ಲ. ಅವನು ಹೆದರಬೇಕಾಗಿರಲಿಲ್ಲ. ಅವಳು ಬಿಚ್ಚಬೇಕಾಗಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ಮೊದಲ ಬಾರಿಗೆ ಆ ಗುಳಿಗೆಯನ್ನು ಇಡಿಯಾಗಿ ನುಂಗಿದ.

“ನೀವು ಕೇಳಬಹುದಿತ್ತಲ್ಲ” ಎಂದು ನೀನು ಹೇಳುವೆ ಎಂಬುದನ್ನು ಬಲ್ಲೆ. ಆ ಮಾತನ್ನು ನಿನ್ನ ನಾಲಗೆಯ ಮೇಲೆಯೇ ತಡೆದುಕೊ. ಅವರು ಕೇಳಿದ್ದರು. ಜೂನ್ ಒಂಬತ್ತರಂದು ನಿಮ್ಮ ಕೊಠಡಿಯಲ್ಲಿ ಪೆಟ್ಟಿಗೆಯನ್ನು ಕೈಗೆ ಕೊಟ್ಟಾಗ ಕೊಟ್ರಮ್ಮ, “ಇದ್ರಾಗ ದನಾ ಕುರಿದು ಏನಾರ ಐತೇನ್ರಿ?” ಎಂದು ಕೇಳಿದಳು. ಪ್ರಯೋಗದ ಉಸ್ತುವಾರಿಯ ಯುವಕ, “ಮೊದ್ಲು ರೋಗ ವಾಸಿ ಮಾಡ್ಕಳ್ರಿ ಅಮ್ಮಾ, ಮಡಿ ಮೈಲಿಗೆ ಎಲ್ಲಾ ಆಮೇಲೆ ನೋಡಾಣ. ಸುಮ್ನೆ ನುಂಗ್ಸಿ” ಎಂದನಂತೆ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರಂತೆ. ಆ ನಗೆಯನ್ನು ಕೇಳಿದ ಮೇಲೆ ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಉತ್ತರ ಕೊಡದೆ ನಕ್ಕರೆಂದರೆ ಅದರಲ್ಲಿ ದನದ್ದೇ ಇರಬೇಕು ಎಂದು ತಿಳಿದುಕೊಂಡಳು. ತಿಳಿದುಕೊಂಡದ್ದರಲ್ಲಿ ಯಾವ ಅವಿವೇಕವಿದೆ, ಹೇಳು?

ಅಂದು ನೀನು ಎಲ್ಲಿದ್ದೆ ಎಂದು ಅವಳನ್ನು ಕೇಳಿದೆ. ಕೇಳಬಾರದಿತ್ತು. “ಅಕ್ಕಾರು ಅಲ್ಲೇ ಕಂಪ್ಯೂಟರ್ ನೋಡ್ಕೋತ ಕುಂತಿದ್ರು. ಅವ್ರು ನಗಲಿಲ್ಲ ದೊಡ್ಡವ್ವ, ಸುಳ್ಳು ಹೇಳಬಾರ್ದು. ಆದ್ರ ತಲಿ ಎತ್ತಲಿಲ್ಲ” ಎಂದಳು.

ನಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಕೊಠಡಿಯಲ್ಲಿ ಆ ಪ್ರಶ್ನೆಯ ಅರ್ಥವನ್ನು ತಿಳಿಯಬಲ್ಲವಳು ನೀನೊಬ್ಬಳೇ ಇದ್ದೆ. ಹೊರಗಿನಿಂದ ಬಂದ ಆ ಯುವಕನಿಗೆ ಅಯ್ಯನವರ ಮನೆಯ ಅಡುಗೆಮನೆ ಗೊತ್ತಿಲ್ಲ. ಆ ಔಷಧವನ್ನು ತಯಾರಿಸಿದ ದೂರದೇಶದವರಿಗೆ ಕೊಟ್ಟೂರು ಎಂಬ ಊರು ಇದೆಯೆಂಬುದೇ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ಪಂಚಕಜ್ಜಾಯದ ಹಾಗೆ ಔಷಧವನ್ನು ಬಿಚ್ಚಿ ಕಲಸಿ ಕೊಡುವ ಕೈಗಳಲ್ಲಿ ಬೆಳೆದ ನೀನು, “ಕೊಟ್ರಮ್ಮ, ಇದನ್ನು ಮಾತ್ರ ಬಿಚ್ಚಬೇಡ, ಇದರಲ್ಲಿ ಪ್ರಾಣಿಯದೇನೂ ಇಲ್ಲ” ಎಂಬ ಎರಡು ಮಾತು ಹೇಳಬಹುದಿತ್ತು. ನಿನ್ನ ಕಲಿಕೆಯಲ್ಲಿ ನಮ್ಮ ಮನೆ ಎಲ್ಲಿ ಹೋಯಿತು? ಅಷ್ಟು ವರ್ಷ ಓದಿ ನೀನು ಕರುಳಿನ ಒಳಗನ್ನು ದೀಪ ಹಿಡಿದು ನೋಡುವುದನ್ನು ಕಲಿತೆ. ಎದುರಿಗೆ ನಿಂತವಳ ಮುಖವನ್ನು ನೋಡಲು ಯಾವ ದೀಪ ಬೇಕಾಗಿತ್ತು?

ಇನ್ನು ನಿನ್ನ ಎರಡನೆಯ ಉತ್ತರವನ್ನೂ ಊಹಿಸಬಲ್ಲೆ. ಪ್ರಯೋಗದಲ್ಲಿ ಅರ್ಧ ಜನರಿಗೆ ಔಷಧವಿಲ್ಲದ ಬರಿ ಗುಳಿಗೆ ಕೊಡುತ್ತಾರೆ, ಯಾರಿಗೆ ಯಾವುದೆಂದು ವೈದ್ಯರಿಗೂ ತಿಳಿಯದು, ಅವನಿಗೆ ಸಿಕ್ಕದ್ದು ಬರಿಯದೇ ಇರಬಹುದು ಎನ್ನುವೆ. ಇರಲಿ. ಆದರೆ ಆಗಲೂ ನಿಮ್ಮ ಲೆಕ್ಕ ಸುಳ್ಳೇ. ಬಿಚ್ಚಿದ ಗುಳಿಗೆಯನ್ನು ಇಡಿ ಗುಳಿಗೆಯೆಂದು ಬರೆದುಕೊಂಡು, ಔಷಧ ಸೋತಿತೆಂದೋ ರೋಗಿ ಸೋತನೆಂದೋ ತೀರ್ಪು ಕೊಡುವುದು ಸಂಶೋಧನೆಯಲ್ಲ. ನಾಳೆ ಇದೇ ಔಷಧ ನಮ್ಮ ಕಡೆಯವರಿಗೆ ಹತ್ತುವುದಿಲ್ಲವೆಂದು ಯಾರೋ ಎಲ್ಲೋ ಬರೆಯುತ್ತಾರೆ. ನಿಜವಾಗಿ ಹತ್ತದೆ ಹೋದದ್ದು ಯಾವುದು? ನಿಮ್ಮ ಕಿವಿಗೆ ಅವಳ ಪ್ರಶ್ನೆ.

ಅವನೊಬ್ಬನ ಮನೆಯ ಮಾತೆಂದೂ ತಳ್ಳಿಹಾಕಬೇಡ. ಹಡಗಲಿಯಲ್ಲಿ ಗುರುಬಸವರಾಜ ಎಂಬ ಶಾಲಾ ಮಾಸ್ತರರಿದ್ದಾರೆ. ನಿಮ್ಮದೇ ಪ್ರಯೋಗದಲ್ಲಿರುವವರು, ಗವಿಸಿದ್ದೇಶನ ಬಸ್ಸಿನ ಪರಿಚಯ. ಅವರನ್ನು ಕಂಡು ಮಾತನಾಡಿಸಿದೆ. ಬಹಳ ಹೊತ್ತು ಆ ಮಾತು ಈ ಮಾತು ಆಡಿ ಕೊನೆಗೆ, “ಮೇಡಂ, ನಿಮ್ಮ ಮುಂದ ಹೇಳ್ತೀನಿ, ಅಲ್ಲಿ ಹೇಳಿದ್ರ ನಗ್ತಾರ. ನಾನೂ ಬಿಚ್ಚೇ ತಗೊಳ್ಳೋದು. ಮಜ್ಜಿಗ್ಯಾಗ” ಎಂದರು. ಅವರ ಹೆಸರು ಬರೆಯಲು ಅವರೇ ಒಪ್ಪಿದ್ದಾರೆ. ನಾನು ಕಂಡದ್ದು ಎರಡು ಮನೆ. ಎರಡರಲ್ಲೂ ಗುಳಿಗೆ ಬಿಚ್ಚಿತ್ತು. ಹರಪನಹಳ್ಳಿಯಿಂದ, ಬಾಗಳಿಯಿಂದ, ಕಾನಹೊಸಹಳ್ಳಿಯಿಂದ ಬಂದವರ ಅಡುಗೆಮನೆಯಲ್ಲಿ ಏನು ನಡೆಯುತ್ತಿದೆಯೆಂದು ಕೇಳಿದವರು ಯಾರು?

ಚೀಲದ ವಿಷಯಕ್ಕೆ ಬರುತ್ತೇನೆ. ಹೊಟ್ಟೆಗೆ ಚೀಲ ಅಂಟಿಸಿಕೊಂಡು ಮಾನದಿಂದ ಬದುಕುವವರಿದ್ದಾರೆ, ಕೆಲಸ ಮಾಡುವವರಿದ್ದಾರೆ ಎಂದು ನೀನು ಬರೆದಿರುವುದನ್ನು ನಾನು ಒಪ್ಪುತ್ತೇನೆ. ಜೀವ ಉಳಿಯಲು ಅದೇ ದಾರಿಯೆಂದಾದರೆ ಅವನ ಕೈ ಹಿಡಿದು ಶಸ್ತ್ರಕ್ರಿಯೆಯ ಬಾಗಿಲಿನ ತನಕ ನಾನೇ ಬರುತ್ತೇನೆ. ಲಿಂಗವಂತನ ಮೈಗೆ ಅದರಿಂದ ಮೈಲಿಗೆಯಿಲ್ಲವೆಂದು ಊರಿನವರೆದುರು ನಿಂತು ವಾದಿಸುತ್ತೇನೆ. ಆದರೆ ಔಷಧವನ್ನು ಒಂದು ಸಲವೂ ಸರಿಯಾಗಿ ಕೊಟ್ಟು ನೋಡದೆ ಒಬ್ಬನ ಕರುಳನ್ನು ಕಿತ್ತು ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಅವನು ಇಡಿ ಗುಳಿಗೆ ನುಂಗುತ್ತಿರುವುದು ಈಗ ನಾಲ್ಕೈದು ದಿನದಿಂದ. ಗುಣ ಕಂಡಿದೆಯೇ? ನಾನು ಹೇಳಲಾರೆ, ಅವನೂ ಹೇಳುತ್ತಿಲ್ಲ. ನಿನ್ನೆಯೂ ಬಸ್ಸು ನಿಂತಿತ್ತು. ಫಲಿಸದಿದ್ದರೆ ಫಲಿಸದಿರಲಿ, ಆದರೆ ಅದನ್ನು ತಿಳಿಯುವಷ್ಟು ಕಾಲವನ್ನಾದರೂ ಅವನಿಗೆ ಕೊಡಬೇಕು.

ಆದ್ದರಿಂದ ನಾನು ಕೇಳುವುದು ಇಷ್ಟು. ಇಪ್ಪತ್ತೆರಡರೊಳಗೆ ನಿನ್ನ ಮೇಲಿನವರಿಗೆ ನಡೆದದ್ದನ್ನು ನಡೆದ ಹಾಗೆಯೇ ತಿಳಿಸು: ಅವರು ಕೇಳಿದ್ದರು, ನಾವು ನಕ್ಕೆವು ಎಂದು. ‘ರೋಗಿಯು ಸೂಚನೆಯನ್ನು ಪಾಲಿಸಲಿಲ್ಲ’ ಎಂದು ಬರೆದರೆ ನಾನು ಈ ಜನ್ಮದಲ್ಲಿ ನಿನ್ನ ಮನೆಯ ಹೊಸಿಲು ತುಳಿಯುವುದಿಲ್ಲ. ಪ್ರಯೋಗದಲ್ಲಿರುವ ಪ್ರತಿಯೊಬ್ಬರನ್ನೂ ಅವರ ಮನೆಯ ಮಾತಿನಲ್ಲಿ, ಅವರು ನಾಚದಂತೆ, ಗುಳಿಗೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿಸು. ಮತ್ತು ನೀನೇ ಬಂದು ಕೊಟ್ರಮ್ಮನಿಗೆ ಹೇಳು, ತಪ್ಪು ಅವಳದಲ್ಲವೆಂದು. ಅವಳು ಈಗ ಒಲೆಯ ಮುಂದೆ ನಿಂತರೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಾಳೆ.

ಇವತ್ತು ಬೆಳಿಗ್ಗೆ ಗವಿಸಿದ್ದೇಶ ಬಂದಿದ್ದ. ನಾನು ಕಾಗದ ಹಾಸಿಕೊಂಡು ಕುಳಿತಿರುವುದನ್ನು ಕಂಡು, “ದೊಡ್ಡವ್ವ, ಅಕ್ಕಗ ಅಷ್ಟ ಬರೀರಿ. ಮ್ಯಾಲಿನೋರಿಗಿ ಬರಿಯಾಕ ಹೋಗಬ್ಯಾಡ್ರಿ. ಅಕಿ ಕೆಲಸಕ್ಕ ಕುತ್ತು ಬಂದ್ರ ನನ್ನ ಕರುಳು ಉಳದು ಏನು ಮಾಡ್ತೀನಿ? ಮಾತು ಕೊಡ್ರಿ” ಎಂದು ಕೈ ಒಡ್ಡಿದ. ಇನ್ನು ಮುಂದೆ ಬೇರೆ ಯಾರಿಗೂ ಬರೆಯುವುದಿಲ್ಲವೆಂದು ಅವನ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೇನೆ. ಮುಟ್ಟಿದರೆ ಬರಿ ಎಲುಬೇ ಸಿಗುವ ಕೈ. ಆ ಕೈ ನಿನ್ನನ್ನು ಕಾಯುತ್ತಿದೆ ಎಂಬುದನ್ನು ತಿಳಿದುಕೊ.

ಈಗ ಆಶೀರ್ವಾದ. ಅದನ್ನು ನಾನು ಯಾವತ್ತೂ ತಡೆಹಿಡಿದವಳಲ್ಲ. ಆಯುಸ್ಸು, ಆರೋಗ್ಯ, ತಲೆ ಎತ್ತಿ ನೋಡುವ ಬುದ್ಧಿ, ಮೂರೂ ನಿನಗೆ ದೊರೆಯಲಿ.

ನಿನ್ನ ತಾಯಿ,
ಅನ್ನದಾನಮ್ಮ

ಮತ್ತೊಂದು ಮಾತು (೧೮ ಸೆಪ್ಟೆಂಬರ್, ಗುರುವಾರ):

ಈ ಪತ್ರವನ್ನು ಇಷ್ಟು ದಿನ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಕಾರಣವನ್ನು ಮುಚ್ಚಿಡುವುದಿಲ್ಲ: ಇದರಲ್ಲಿ ಹೇಳದೆ ಬಿಟ್ಟದ್ದೊಂದಿದೆ. ಗವಿಸಿದ್ದೇಶನಿಗೆ ಭಾನುವಾರ ಮಾತು ಕೊಡುವಾಗ ‘ಇನ್ನು ಮುಂದೆ’ ಎಂದೇ ಹೇಳಿದೆ, ಏಕೆಂದರೆ ಅದಕ್ಕೆ ಹಿಂದಿನ ದಿನವೇ, ಪ್ರಯೋಗಕ್ಕೊಳಗಾದವರ ಹಿತವನ್ನು ಕಾಯಬೇಕಾದ ನಿಮ್ಮ ನೀತಿ ಸಮಿತಿಗೆ ಎಲ್ಲವನ್ನೂ ಬರೆದು ಅಂಚೆಗೆ ಹಾಕಿಯಾಗಿತ್ತು. ಅದರಲ್ಲಿ ನಿನ್ನ ಹೆಸರಿದೆ. ನೀನು ತಲೆ ಎತ್ತಲಿಲ್ಲವೆಂಬುದೂ ಇದೆ. ಇಂದು ಸಮಿತಿಯ ಕಾರ್ಯದರ್ಶಿ ಕರೆ ಮಾಡಿದ್ದರು. ನೀನು ಇದನ್ನು ತೆರೆಯುವ ಹೊತ್ತಿಗೆ ನಿನ್ನನ್ನೂ ಕರೆದಿರುತ್ತಾರೆ. ಮೊದಲು ನಿನಗೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ನೀನೇ ಒಮ್ಮೆ ತಿರುಗಿ ಕರೆ ಮಾಡಿ “ಅಮ್ಮಾ” ಎಂದಿದ್ದರೆ ಆ ಪತ್ರವನ್ನು ಅಂಚೆಗೆ ಹಾಕದೆ ನಾನು ಹರಿದುಹಾಕುತ್ತಿದ್ದೆ.

ನನ್ನ ಮತ್ತು ನಿನ್ನ ಪತ್ರಗಳಲ್ಲಿ ತಪ್ಪಾಗಿರುವ ತಾರೀಖುಗಳನ್ನು ಹೀಗೆ ತಿದ್ದಿಕೊ:

ಜೂನ್ ೯: ‘ಎಲ್ಲವನ್ನೂ ವಿವರಿಸಿದ ದಿನ’ ಎಂದು ನೀನು ಬರೆದಿದ್ದೀಯೆ. ಪೆಟ್ಟಿಗೆಯನ್ನು ಕೈಗೆ ಕೊಟ್ಟ ದಿನ ಎಂದಾಗಬೇಕು.

ಜೂನ್ ೧೦: ‘ಔಷಧ ಆರಂಭ’ ಎಂದು ನಾನು ಬರೆದಿದ್ದೆ. ಜೇನು ಆರಂಭ.

ಸೆಪ್ಟೆಂಬರ್ ೧೦: ನಮ್ಮಿಬ್ಬರ ಪತ್ರಗಳಲ್ಲೂ ಈ ದಿನವಿಲ್ಲ. ಔಷಧ ಆರಂಭವಾದದ್ದು ಅಂದು.

ಸೆಪ್ಟೆಂಬರ್ ೧೩: ಸಮಿತಿಗೆ ನಾನು ಬರೆದ ದಿನ. ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ.

ಸೆಪ್ಟೆಂಬರ್ ೨೨: ‘ರೋಗಿಯನ್ನು ಕೈಬಿಡುವ ದಿನ’ ಎಂದು ನೀನು ಬರೆದಿದ್ದೀಯೆ. ಅಂದು ಹನ್ನೊಂದು ಗಂಟೆಗೆ ಸಮಿತಿ ಸೇರುತ್ತದೆ. ಅದರ ತೀರ್ಮಾನದ ತನಕ ಗವಿಸಿದ್ದೇಶನನ್ನು ಕೈಬಿಡುವಂತಿಲ್ಲ. ನಾವು ಮೂವರೂ ಬರುತ್ತೇವೆ. ಮಾತನಾಡುವವಳು ಕೊಟ್ರಮ್ಮ.